ಬಿಲ್ ಬ್ಲ್ಯಾಕ್‌ಬಿಯರ್ಡ್ ಬಗ್ಗೆ ಗೊತ್ತಿರೋರು ಸ್ವಲ್ಪ ಹೇಳ್ತೀರಾ? ಹಳೇ ಕಾಮಿಕ್ಸ್ ಕಲೆಕ್ಟರ್‌ಗಳು ಇವ್ರನ್ನ ಯಾಕೆ ಇಷ್ಟು ನೆನೆಸ್ಕೋತಾರೆ

ಗಿರಿನಗರ_ಫ್ಯಾಂಟಮ್:

ಎಲ್ರಿಗೂ ನಮಸ್ಕಾರ. ಇಲ್ಲಿ ಸುಮಾರು ಜನ ಇಂದ್ರಜಾಲ, ಅಮರ ಚಿತ್ರಕಥೆ ಸೇರಿಸೋರೇ ಇದೀರ, ನಾನೂ ಅಲ್ಲಿಂದಾನೇ ಶುರು ಮಾಡ್ದೋನು. ಫ್ಯಾಂಟಮ್ಮು ಮಾಂಡ್ರೇಕು ಮೊದ್ಲು ಅಮೆರಿಕಾದ ಪೇಪರ್‌ಗಳಲ್ಲಿ ದಿನಾ ಬರ್ತಿದ್ದ ಸ್ಟ್ರಿಪ್ಪು ಅಂತ ಗೊತ್ತಾದ್ಮೇಲೆ ಅದ್ರ ಹಿಂದೆ ಬಿದ್ದು ಈಗ ಹಳೇ ಪೇಪರ್ ಸ್ಟ್ರಿಪ್‌ಗಳ ರೀಪ್ರಿಂಟ್ ಪುಸ್ತಕ ಕಂಡಲ್ಲೆಲ್ಲಾ ತಗೊಳ್ಳೋ ಚಟ ಹತ್ಕೊಂಡಿದೆ, ಮನೇಲಿ ಬೈಗುಳ ಬೇರೆ.

ವಿಷಯ ಏನಂದ್ರೆ ಚರ್ಚ್ ಸ್ಟ್ರೀಟ್‌ನಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡೀಲಿ ಜಾರ್ಜ್ ಹೆರಿಮನ್ನಿನ ಕ್ರೇಜಿ ಕ್ಯಾಟ್ ಒಂದು ವಾಲ್ಯೂಮ್ ಸಿಕ್ತು, ಎಡಿಟರ್ ಬಿಲ್ ಬ್ಲ್ಯಾಕ್‌ಬಿಯರ್ಡ್. ಆಮೇಲೆ ಪಾಪಾಯ್ ಹಳೇ ಸೆಟ್ಟಿಂದ ಒಂದು ಸಿಕ್ತು, ಅದ್ರಲ್ಲೂ ಅವ್ರೇ. ಫ್ರೆಂಡ್ ಹತ್ರ ಇರೋ ಸ್ಮಿತ್‌ಸೋನಿಯನ್ ದಪ್ಪ ಪುಸ್ತಕ ತೆಗೆದು ನೋಡಿದ್ರೆ ಅಲ್ಲೂ ಅದೇ ಹೆಸರು! ಹಳೇ ಕಲೆಕ್ಟರ್‌ಗಳು ಬರೆದಿರೋದು ಓದ್ತಾ ಇದ್ರೆ ಎಲ್ರೂ ಮನೇ ಹಿರಿಯರ ಬಗ್ಗೆ ಮಾತಾಡೋ ಹಾಗೆ ಮಾತಾಡ್ತಾರೆ. ಈ ಮನುಷ್ಯ ಚಿತ್ರ ಬರೆದೋರಲ್ಲ, ಪೇಪರ್ ಓನರ್ ಅಲ್ಲ, ಪ್ರೊಫೆಸರೂ ಅಲ್ಲ ಅನ್ಸುತ್ತೆ. ಹಾಗಿದ್ರೆ ಇವ್ರು ಮಾಡಿದ್ದಾದ್ರೂ ಏನು? ಇನ್ನೊಂದು ಡೌಟು, 1916ರ ಪೇಪರ್ ಪುಟಗಳು ಇಷ್ಟು ನೀಟಾಗಿ ಇವ್ರಿಗೆ ಎಲ್ಲಿಂದ ಸಿಕ್ವು? ಒರಿಜಿನಲ್ ಆರ್ಟ್ ಎಲ್ಲಾ ಉಳ್ಕೊಂಡಿದ್ವಾ?

ಹಳೇಪೇಪರ್_ಮೈಸೂರು:

ಎರಡನೇ ಪ್ರಶ್ನೆಗೆ ಉತ್ತರ ಹೇಳಿದ್ರೆ ಮೊದಲನೇದಕ್ಕೆ ತಾನಾಗೇ ಸಿಗುತ್ತೆ.

ಒರಿಜಿನಲ್ ಆರ್ಟ್ ಬಹುಪಾಲು ಉಳೀಲಿಲ್ಲ. ಸಿಂಡಿಕೇಟ್‌ನೋರು, ಅಂದ್ರೆ ಸ್ಟ್ರಿಪ್‌ಗಳನ್ನ ಪೇಪರ್‌ಗಳಿಗೆ ಹಂಚೋ ಕಂಪನಿಯೋರು, ಕೇಳಿದೋರಿಗೆ ಸುಮ್ನೆ ಕೊಟ್ಬಿಡ್ತಿದ್ರು, ಇಲ್ಲ ಎಸೀತಿದ್ರು. ಉಳಿದಿರೋದೂ ಬರೀ ಕಪ್ಪು ಇಂಕಿನ ಗೆರೆ. ಭಾನುವಾರದ ಪುಟದ ಬಣ್ಣ ಇದ್ಯಲ್ಲ ಅದು ಬರ್ತಿದ್ದಿದ್ದು ಪ್ರೆಸ್ಸಲ್ಲಿ, ಕಲಾವಿದ ಬಣ್ಣದ ಗೈಡ್ ಕೊಡ್ತಿದ್ದ, ಎನ್‌ಗ್ರೇವರ್‌ಗಳು ಅದನ್ನ ಪ್ಲೇಟ್ ಮೇಲೆ ತರ್ತಿದ್ರು. ಅಂದ್ರೆ ಓದುಗ ನೋಡಿದ ಚಿತ್ರ ಪೂರ್ತಿಯಾಗಿ ಇದ್ದ ಜಾಗ ಒಂದೇ, ಅವತ್ತಿನ ಪೇಪರ್ರು. ಆ ಪೇಪರನ್ನ ಜೋಪಾನವಾಗಿ ಬೈಂಡ್ ಮಾಡಿ ಇಟ್ಕೊಂಡಿದ್ದು ಲೈಬ್ರರಿಗಳು, ಕೊನೆಗೆ ಕೈಬಿಟ್ಟಿದ್ದೂ ಅವೇ. ಜಾಗ ಸಾಲಲ್ಲ, ಪೇಪರ್ ಪುಡಿ ಆಗುತ್ತೆ ಅಂತ ಮೈಕ್ರೋಫಿಲ್ಮ್ ಮಾಡ್ಸಿ ವಾಲ್ಯೂಮ್‌ಗಟ್ಲೆ ಹೊರಗೆ ಹಾಕಿದ್ರು. ಮೈಕ್ರೋಫಿಲ್ಮ್ ಅಂದ್ರೆ ಗೊತ್ತಲ್ಲ, ಪುಟಗಳನ್ನ ಪುಟಾಣಿಯಾಗಿ ಫೋಟೋ ತೆಗೆದಿಟ್ಟ ಫಿಲ್ಮ್ ಸುರುಳಿ, ಅದೂ ಕಪ್ಪು ಬಿಳುಪು. ವಿನ್ಸರ್ ಮೆಕೇ ಬಿಡಿಸಿದ ಲಿಟಲ್ ನೀಮೋನ ಅದ್ರಲ್ಲಿ ನೋಡೋದೂ ಒಂದೇ ನೋಡ್ದೆ ಇರೋದೂ ಒಂದೇ.

ಈಗ ಬ್ಲ್ಯಾಕ್‌ಬಿಯರ್ಡ್‌ಗೆ ಬರ್ತೀನಿ. 1926ರಲ್ಲಿ ಇಂಡಿಯಾನಾದಲ್ಲಿ ಹುಟ್ಟಿದ್ದು, ಬೆಳೆದಿದ್ದು ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್. ಹದಿಹರೆಯದಲ್ಲೇ ಒಂದು ಕಥೆ ವಿಯರ್ಡ್ ಟೇಲ್ಸ್ ಪತ್ರಿಕೇಲಿ 1943ರಲ್ಲಿ ಅಚ್ಚಾಗಿತ್ತು, ಆಮೇಲೆ ಎರಡನೇ ಮಹಾಯುದ್ಧಕ್ಕೆ ಹೋಗಿಬಂದ್ರು. 60ರ ದಶಕದಲ್ಲಿ ಪೇಪರ್ ಸ್ಟ್ರಿಪ್‌ಗಳ ಇತಿಹಾಸ ಬರೀಬೇಕು ಅಂತ ಹೊರಟು ಹಳೇ ಸಂಚಿಕೆ ಹುಡುಕ್ತಾ ಸ್ಯಾನ್ ಫ್ರಾನ್ಸಿಸ್ಕೋ ಪಬ್ಲಿಕ್ ಲೈಬ್ರರಿಗೆ ಹೋದ್ರೆ ಅಲ್ಲಿ ಇವ್ರಿಗೆ ಬೇಕಾದ ಬೈಂಡ್ ವಾಲ್ಯೂಮ್‌ಗಳೇ ವಿಲೇವಾರಿಗೆ ನಿಂತಿವೆ. ನಂಗೆ ಕೊಡಿ ಅಂದ್ರೆ ಖಾಸಗಿ ವ್ಯಕ್ತಿಗೆ ಕೊಡೋ ಹಾಗಿಲ್ಲ, ಸಂಸ್ಥೆ ಆದ್ರೆ ಕೊಡಬಹುದು ಅಂದ್ರು. ಬೇರೆಯೋರಾಗಿದ್ರೆ ಹಣೆಬರಹ ಅಂತ ಮನೆಗೆ ಬರ್ತಿದ್ರು. ಇವ್ರು ಹೋಗಿ 1968ರಲ್ಲಿ ಒಂದು ಸಂಸ್ಥೆನೇ ರಿಜಿಸ್ಟರ್ ಮಾಡ್ಸಿದ್ರು, ಸ್ಯಾನ್ ಫ್ರಾನ್ಸಿಸ್ಕೋ ಅಕಾಡೆಮಿ ಆಫ್ ಕಾಮಿಕ್ ಆರ್ಟ್. ಅಕಾಡೆಮಿ ಅಂದ್ರೆ ಕಂಬಗಳಿರೋ ಬಿಲ್ಡಿಂಗ್ ಕಲ್ಪಿಸ್ಕೋಬೇಡಿ, ಅವ್ರು ಹೆಂಡ್ತಿ ಜೊತೆ ವಾಸ ಇದ್ದ ಮನೇನೇ ಅಕಾಡೆಮಿ. ಆಮೇಲೆ ದೇಶದ ಬೇರೆ ಬೇರೆ ಲೈಬ್ರರಿಗಳು ಬೇಡ ಅಂದಿದ್ದೆಲ್ಲಾ ಅಲ್ಲಿಗೆ ಬಂದು ಬೀಳೋಕೆ ಶುರು ಆಯ್ತು, ಲೈಬ್ರರಿ ಆಫ್ ಕಾಂಗ್ರೆಸ್‌ದೂ ಸೇರಿ.

ಒಂದೇ ಪೇಪರ್ ಪೂರ್ತಿ ಸೆಟ್ ಸಿಕ್ಕಿದ್ರೆ ಸಾಲ್ದಾ ಅಂತ ಹೊಸಬರು ಕೇಳ್ತಾರೆ. ಸಾಲಲ್ಲ. ಒಂದು ಊರಿನ ಪೇಪರ್ರು ಒಂದು ಸ್ಟ್ರಿಪ್ಪನ್ನ ಎರಡು ವರ್ಷ ಹಾಕಿ ನಿಲ್ಲಿಸ್ಬಿಡುತ್ತೆ, ಇನ್ನೊಂದು ಊರಿಂದು ಆಮೇಲೆ ಶುರು ಮಾಡುತ್ತೆ. ಭಾನುವಾರದ ಪೂರ್ತಿ ಪುಟನ ಕೆಲವ್ರು ಅರ್ಧ ಪುಟಕ್ಕೆ ಇಳಿಸ್ತಾರೆ, ಇಳಿಸುವಾಗ ಕೆಲವು ಪ್ಯಾನೆಲ್ ಹಾರಿಸ್ತಾರೆ, ಮೇಲ್ಗಡೆ ಬರ್ತಿದ್ದ ಪುಟಾಣಿ ಸ್ಟ್ರಿಪ್ ಕಿತ್ತಾಕಿ ಆ ಜಾಗಕ್ಕೆ ಜಾಹೀರಾತು. ಕ್ರೇಜಿ ಕ್ಯಾಟ್ ಇನ್ನೂ ಕಷ್ಟ. ಜನಕ್ಕೆ ಅಷ್ಟಾಗಿ ಹಿಡಿಸ್ದೇ ಇದ್ರೂ ಓನರ್ ಹರ್ಸ್ಟ್‌ಗೆ ಇಷ್ಟ ಅಂತ ನಡೀತಿದ್ದ ಸ್ಟ್ರಿಪ್ಪು ಅದು, 1916ರಲ್ಲಿ ಶುರುವಾದ ಅದ್ರ ಭಾನುವಾರದ ಪುಟ ಕಾಮಿಕ್ ಸೆಕ್ಷನ್ನಿನಲ್ಲಿ ಬರ್ತಿರ್ಲಿಲ್ಲ, ಕಲೆ ನಾಟಕದ ಪುಟಗಳ ಮಧ್ಯೆ ಹಾಕ್ತಿದ್ರು, ಬಣ್ಣ ಬಂದಿದ್ದೇ 1935ರಲ್ಲಿ. ಹಾಗಾಗಿ ಒಂದು ಸ್ಟ್ರಿಪ್ ಮೊದಲಿಂದ ಕೊನೇವರೆಗೂ ಜೋಡಿಸ್ಬೇಕು ಅಂದ್ರೆ ಹತ್ತಾರು ಊರಿನ ಪೇಪರ್ ಬೇಕು, ಅವನ್ನ ಕೂತು ದಿನಾಂಕ ನೋಡಿ ಕತ್ತರಿಸಿ ಸರಿಯಾಗಿ ಜೋಡಿಸೋ ತಾಳ್ಮೆ ಬೇಕು. ಅದನ್ನ ಮೂವತ್ತು ವರ್ಷ ಮಾಡಿದ್ರು ಪುಣ್ಯಾತ್ಮ.

ಸ್ಮಿತ್‌ಸೋನಿಯನ್ ಪುಸ್ತಕ 1977ರದ್ದು, ಮಾರ್ಟಿನ್ ವಿಲಿಯಮ್ಸ್ ಜೊತೆ ಸೇರಿ ಮಾಡಿದ್ದು. ಅದೇ ವರ್ಷ ಹೈಪೀರಿಯನ್ ಪ್ರೆಸ್‌ಗೆ 22 ವಾಲ್ಯೂಮಿನ ರೀಪ್ರಿಂಟ್ ಸರಣಿ. ಆಮೇಲೆ ಯಾವ ಪ್ರಕಾಶಕ ಹಳೇ ಸ್ಟ್ರಿಪ್ ತರೋಕೆ ಹೊರಟ್ರೂ ಮೊದ್ಲು ಫೋನ್ ಮಾಡ್ತಿದ್ದಿದ್ದು ಇವ್ರಿಗೇ. ನಿಮ್ಮ ಕೈಲಿರೋ ಕ್ರೇಜಿ ಕ್ಯಾಟ್ ಕ್ರಿಸ್ ವೇರ್ ಡಿಸೈನ್ ಮಾಡಿರೋ ಫ್ಯಾಂಟಾಗ್ರಾಫಿಕ್ಸ್ ಪ್ರಕಾಶನದ ಸರಣೀದಾದ್ರೆ ಅದು 2002ರಿಂದೀಚೆಗೆ ಬಂದಿದ್ದು. ಪಾಪಾಯ್ ಬಗ್ಗೆ ಅವ್ರದ್ದೊಂದು ವಾದವೇ ಇತ್ತು. 1929ರಲ್ಲಿ ಸೀಗರ್ ಸ್ಟ್ರಿಪ್ಪಿಗೆ ಬಂದ ಆ ನಾವಿಕನೇ ಮೊದಲ ಸೂಪರ್‌ಹೀರೋ, ಸೂಪರ್‌ಮ್ಯಾನ್ ಎಲ್ಲಾ ಆಮೇಲೆ ಅಂತ ಪೂರ್ತಿ ಒಂದು ಪ್ರಬಂಧ ಬರೆದಿದಾರೆ. ನಂಗೂ ಅದು ಸರಿ ಅನ್ಸುತ್ತೆ, ಜಗಳಕ್ಕೆ ಬರೋರು ಬೇರೆ ಥ್ರೆಡ್ ಹಾಕಿ.

ಕೊಡಿಯಾಲ್‌ಬೈಲ್_ಕಿಣಿ:

ಮಾರಾಯ್ರೇ ಒಂದು ಸಣ್ಣ ಪ್ರಶ್ನೆ. ಅಷ್ಟು ಪೇಪರ್ ಒಂದು ಮನೆಯೊಳಗೆ ಹೇಗೆ ಹಿಡಿಯುವುದು? ನಮ್ಮ ಮನೆಯಲ್ಲಿ ನನ್ನ ಎರಡು ಪೆಟ್ಟಿಗೆ ಇಂದ್ರಜಾಲಕ್ಕೇ ಮಳೆಗಾಲದಲ್ಲಿ ಮಹಾಯುದ್ಧ ನಡೀತದೆ. ಆ ಹೆಂಗಸಿಗೆ ಮೊದಲು ಒಂದು ದೊಡ್ಡ ನಮಸ್ಕಾರ ಹೇಳ್ಬೇಕು.

ಹಳೇಪೇಪರ್_ಮೈಸೂರು:

ಕಿಣಿಯವ್ರೇ ಹಿಡೀತಿರ್ಲಿಲ್ಲ, ಅದೇ ಕಥೆ. ಗ್ಯಾರೇಜು, ಹಾಲು, ಓಡಾಡೋ ಜಾಗ ಎಲ್ಲಾ ಪೇಪರ್ರೇ. ಅದೂ ಸ್ವಂತ ಮನೆ ಅಲ್ಲ, ಬಾಡಿಗೇದು. 90ರ ದಶಕದ ಕೊನೇಲಿ ಲೀಸ್ ಮುಂದುವರಿಸಲ್ಲ ಅಂತ ಆದಾಗ ಇದೆಲ್ಲಾ ಎಲ್ಲಿಗೆ ಅನ್ನೋ ಪ್ರಶ್ನೆ ಬಂತು. ಓಹಾಯೋ ಸ್ಟೇಟ್ ಯೂನಿವರ್ಸಿಟಿ ಕಾರ್ಟೂನ್ ಲೈಬ್ರರಿನೋರು ತಗೊಂಡ್ರು, 1998ರಲ್ಲಿ ಸಾಗಿಸಿದ್ದು. ಆರು ದೊಡ್ಡ ಟ್ರೇಲರ್ ಲಾರಿ, 75 ಟನ್. ಕತ್ತರಿಸಿಟ್ಟ ಸ್ಟ್ರಿಪ್‌ಗಳೂ ಪುಟಗಳೂ ಸೇರಿ ಸುಮಾರು 25 ಲಕ್ಷ.

ಧಾರವಾಡದ_ಓದುಗ:

ಎಲ್ಲಾರೂ ಹೊಗಳಾಕತ್ತೀರಿ ಅಂತ ನಾ ಒಂದ್ ಮಾತ್ ಉಲ್ಟಾ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಾ ಕಾಲೇಜ್ ಲೈಬ್ರರಿಯೊಳಗ ಕೆಲಸ ಮಾಡಿ ರಿಟೈರ್ ಆದಾಂವ. ನಮ್ಮ ಕಸುಬಿನ ಕಣ್ಣಿಲೆ ನೋಡಿದ್ರ ಕತ್ತರಿ ಹಿಡಿದು ಪೇಪರ್ ಕತ್ತರಸೋ ಮನಷ್ಯಾನ್ನ ರಕ್ಷಕ ಅನ್ನಾಕ ಮನಸ್ಸ ಒಪ್ಪೂದಿಲ್ಲ. ಒಂದ್ ಸ್ಟ್ರಿಪ್ ಕತ್ತರಿಸಿ ತಗೊಂಡ್ರ ಅದರ ಹಿಂದಿನ ಸುದ್ದಿ ಹೋತು, ಬಾಜೂಕಿನ ಜಾಹೀರಾತು ಹೋತು, ಆ ದಿನದ ಪೇಪರ್ ಅನ್ನೋದ ಹೋತು. ಮುಂದ ಒಬ್ಬಾಂವ ಬಂದು ಆ ಕಾಲದ ಸೋಪಿನ ಜಾಹೀರಾತು ನೋಡ್ಬೇಕ್ರಿ ಅಂದ್ರ ಏನ್ ತೋರಸೂದು?

ಮತ್ತ ಮೈಕ್ರೋಫಿಲ್ಮಿಗೆ ಎಲ್ಲಾರೂ ಶಾಪ ಹಾಕ್ತೀರಿ. ಆ ಕಾಲಕ್ಕ ಒಂದ್ ಊರಿನ ಪೇಪರ್ ಇನ್ನೊಂದ್ ಊರಾಗ ಕುಂತು ಓದಾಕ ಅದೊಂದ ದಾರಿ ಇತ್ತು. ಕಟ್ಟಿಗೀ ತಿರುಳಿನ ಪೇಪರ್ ಬೆಳಕು ಬಿದ್ರ ಹಳದಿ ಆಗ್ತದ, ಅಂಚು ಉದರ್ತದ, ದಿನಾ ನಾಕ್ ಮಂದಿ ತಿರುವಿದ್ರ ಗತಿ ಏನು? ಲೈಬ್ರರಿಯವರು ದುಷ್ಟರಲ್ರಿ, ಅವರಿಗೆ ಇದ್ದದ್ದ ಅಷ್ಟ ಜಾಗಾ, ಅಷ್ಟ ರೊಕ್ಕ.

ಹಳೇಪೇಪರ್_ಮೈಸೂರು:

ಸಾರ್, ಸಿಟ್ಟು ಯಾಕೆ, ಈ ವಾದ ಅಮೆರಿಕಾದಲ್ಲೂ ಆಗಿದೆ. ಕತ್ತರಿಸಿದ್ದು ನಷ್ಟ ಅನ್ನೋದನ್ನ ನಾನು ಒಪ್ತೀನಿ, ಅದಕ್ಕೆ ಸಮಜಾಯಿಷಿ ಕೊಡೋಕೆ ಹೋಗಲ್ಲ. ಆದ್ರೆ ಎರಡು ವಿಷಯ. ಅವು ಅವ್ರ ಕೈಗೆ ಬಂದಿದ್ದೇ ಲೈಬ್ರರಿ ಬೇಡ ಅಂದ್ಮೇಲೆ, ಅವ್ರು ತಗೊಳ್ದೇ ಇದ್ದಿದ್ರೆ ಕತ್ತರಿಗೆ ಬದ್ಲು ರದ್ದಿಗೆ ಹೋಗ್ತಿತ್ತು. ಫಿಲ್ಮ್ ಮಾಡೋರೂ ಪುಟ ಚಪ್ಪಟೆಯಾಗಿ ಬರ್ಲಿ ಅಂತ ವಾಲ್ಯೂಮಿನ ಬೆನ್ನು ಕತ್ತರಿಸ್ತಿದ್ರು, ಅಲ್ಲೂ ಕತ್ತರಿನೇ. ಎರಡನೇದು, ಎಲ್ಲಾನೂ ಕತ್ತರಿಸ್ಲಿಲ್ಲ, ಭಾನುವಾರದ ಕಾಮಿಕ್ ಸೆಕ್ಷನ್ನುಗಳು ಇಡಿ ಇಡಿಯಾಗೇ ಉಳಿದಿವೆ.

ನಿಮ್ಮ ಕಡೆಯಿಂದ ನೋಡೋರಿಗೆ ನಿಕಲ್ಸನ್ ಬೇಕರ್ ಕಥೆ ಇಷ್ಟ ಆಗುತ್ತೆ. ಕಾದಂಬರಿಕಾರ. ಬ್ರಿಟಿಷ್ ಲೈಬ್ರರಿ ತನ್ನ ಹತ್ರ ಇದ್ದ ಅಮೆರಿಕನ್ ಪೇಪರ್ ಸೆಟ್‌ಗಳನ್ನ 1999ರಲ್ಲಿ ಮಾರೋಕೆ ಹೊರಟಾಗ ರಿಟೈರ್‌ಮೆಂಟ್‌ಗೆ ಇಟ್ಟಿದ್ದ ದುಡ್ಡು ಹಾಕಿ ಕೊಂಡ್ಕೊಂಡ್ರು, ಒಂದು ಪುಟನೂ ಕತ್ತರಿಸ್ದೇ ನ್ಯೂ ಹ್ಯಾಂಪ್‌ಶೈರ್‌ನ ಒಂದು ಹಳೇ ಮಿಲ್ಲಿನ ಕಟ್ಟಡದಲ್ಲಿಟ್ಟು 2004ರಲ್ಲಿ ಡ್ಯೂಕ್ ಯೂನಿವರ್ಸಿಟಿಗೆ ಕೊಟ್ರು. ಪೇಪರ್ ಪುಡಿ ಆಗುತ್ತೆ ಅನ್ನೋ ಭಯ ಸಿಕ್ಕಾಪಟ್ಟೆ ಉಬ್ಬಿಸಿದ್ದು ಅಂತ ಅವ್ರ ವಾದ. ಆದ್ರೆ ಅವ್ರು ಈ ಕೆಲ್ಸಕ್ಕೆ ಇಳಿಯೋ ಹೊತ್ತಿಗೆ ಬ್ಲ್ಯಾಕ್‌ಬಿಯರ್ಡ್ ಮೂವತ್ತು ವರ್ಷ ಒಬ್ರೇ ಹೊತ್ತಾಗಿತ್ತು, ಅದನ್ನ ಮರೀಬಾರ್ದು.

ಧಾರವಾಡದ_ಓದುಗ:

ಬೇಕರ್ ಮಾಡಿದ್ದು ಖರೇ ಕೆಲಸ ನೋಡ್ರಿ. ಬ್ಲ್ಯಾಕ್‌ಬಿಯರ್ಡಗೂ ಅರ್ಧಾ ಮಾರ್ಕ್ಸ್ ಕೊಡ್ತೇನಿ, ಹೋಗ್ಲಿ. ಬೇಡಂದ ಲೈಬ್ರರಿಯಿಂದನ ಸಾಮಾನು ಬಿಡಿಸಿಕೊಳ್ಳಾಕ ಸಂಸ್ಥಾ ಹುಟ್ಟಿಸಿದನಲ್ಲ, ಆ ತಲಿಗೆ ಮಾತ್ರ ಪೂರ್ತಿ ಮಾರ್ಕ್ಸ್. ನಮ್ಮ ಆಫೀಸಿನ್ಯಾಗ ಅಂಥಾವರು ಒಬ್ಬರು ಇದ್ದಿದ್ರ ನನ್ನ ಅರ್ಧಾ ಸರ್ವಿಸ್ ಸುಖದಾಗ ಹೋಗ್ತಿತ್ತು.

ಕೊಲಂಬಸ್_ಕನ್ನಡಿಗ:

ಈ ಥ್ರೆಡ್ ನೋಡಿ ಸುಮ್ನೆ ಇರೋಕೆ ಆಗ್ಲಿಲ್ಲ, ನಾನಿರೋದು ಆ ಓಹಾಯೋ ಸ್ಟೇಟ್ ಯೂನಿವರ್ಸಿಟಿ ಇರೋ ಕೊಲಂಬಸ್‌ನಲ್ಲೇ. ಹೇಳ್ತಿರೋ ಲೈಬ್ರರಿ ಈಗಿನ ಬಿಲ್ಲಿ ಐರ್ಲೆಂಡ್ ಕಾರ್ಟೂನ್ ಲೈಬ್ರರಿ ಅಂಡ್ ಮ್ಯೂಸಿಯಂ, ಯೂನಿವರ್ಸಿಟಿ ಒಳಗೇ ಸಲಿವಂಟ್ ಹಾಲ್‌ನಲ್ಲಿದೆ. ಬಿಲ್ಲಿ ಐರ್ಲೆಂಡ್ ಇಲ್ಲಿನ ಕೊಲಂಬಸ್ ಡಿಸ್ಪ್ಯಾಚ್ ಪೇಪರಿನ ಕಾರ್ಟೂನಿಸ್ಟ್ ಆಗಿದ್ದೋರು. ಲೈಬ್ರರಿ ಶುರುವಾಗಿದ್ದು 1977ರಲ್ಲಿ ಮಿಲ್ಟನ್ ಕ್ಯಾನಿಫ್ ಕೊಟ್ಟ ಸಾಮಗ್ರಿಯಿಂದ, ಟೆರಿ ಅಂಡ್ ದಿ ಪೈರೇಟ್ಸ್ ಬಿಡಿಸಿದೋರು, ಇದೇ ಯೂನಿವರ್ಸಿಟಿ ಹಳೇ ವಿದ್ಯಾರ್ಥಿ. ಅದನ್ನ ಮೊದಲಿಂದ ಕಟ್ಟಿ ಬೆಳೆಸಿದ್ದು ಲೂಸಿ ಕ್ಯಾಸ್‌ವೆಲ್ ಅನ್ನೋ ಕ್ಯುರೇಟರ್, ಬ್ಲ್ಯಾಕ್‌ಬಿಯರ್ಡ್ ಸಂಗ್ರಹ ಇಲ್ಲಿಗೆ ಬಂದಿದ್ದೂ ಅವ್ರ ಕಾಲದಲ್ಲೇ. ಮ್ಯೂಸಿಯಂ ನೋಡೋಕೆ ಟಿಕೆಟ್ ಇಲ್ಲ, ಅಮೆರಿಕಾಗೆ ಮಗಳ ಮನೆಗೆ ಅಂತ ಬರೋ ಅಪ್ಪ ಅಮ್ಮಂದಿರನ್ನೆಲ್ಲಾ ನಾನು ಕರ್ಕೊಂಡು ಹೋಗ್ತೀನಿ, ಅರ್ಧ ಜನಕ್ಕೆ ಬೋರ್ ಆಗುತ್ತೆ ಅದು ಬೇರೆ ಮಾತು.

ರೀಡಿಂಗ್ ರೂಮಲ್ಲಿ ಒಂದ್ಸಲ ಕ್ರೇಜಿ ಕ್ಯಾಟ್ ಬಣ್ಣದ ಪುಟಗಳನ್ನ ಕೇಳಿ ತರಿಸ್ಕೊಂಡು ನೋಡ್ದೆ. ಬ್ಯಾಗು ಪೆನ್ನು ಹೊರಗೇ, ಪೆನ್ಸಿಲ್ ಮಾತ್ರ. ದೊಡ್ಡ ಫೋಲ್ಡರ್ ತಂದು ಮೇಜಿನ ಮೇಲೆ ಬಿಚ್ಚಿದ್ರು. ಪುಸ್ತಕದಲ್ಲಿ ನೋಡಿದ್ದಕ್ಕೂ ಇದಕ್ಕೂ ಸಂಬಂಧನೇ ಇಲ್ಲ ರೀ. ಆ ಸೈಜು! ಮರುಭೂಮಿ ಆಕಾಶದ ನೀಲಿ ಪುಟದ ಈ ಕಡೆಯಿಂದ ಆ ಕಡೆವರೆಗೂ ಹರಡಿದೆ, ಹತ್ರ ಬಗ್ಗಿ ನೋಡಿದ್ರೆ ಅದು ನೀಲಿ ಅಲ್ಲ, ಸಣ್ಣ ಸಣ್ಣ ಚುಕ್ಕಿ ಸಾಲು. ಒಂದು ಕಡೆ ಕೆಂಪು ಪ್ಲೇಟ್ ಕೂದಲೆಳೆಯಷ್ಟು ಜರುಗಿ ಆ ಸ್ಟ್ರಿಪ್ಪಿನ ಇಲಿ ಇಗ್ನಾಟ್ಸ್ ಎಸೆದ ಇಟ್ಟಿಗೆಯ ಬಣ್ಣ ಗೆರೆಯಿಂದ ಆಚೆ ಬಂದಿತ್ತು. ಅಂಚು ಚಹಾ ಬಣ್ಣಕ್ಕೆ ತಿರುಗಿದೆ, ಮಧ್ಯ ಇನ್ನೂ ಬೆಳ್ಳಗೇ ಇದೆ. ಯಾರೋ ಮಡಚಿಟ್ಟ ಗುರುತು ಇತ್ತು. ಧಾರವಾಡದ ಸಾರ್ ಹೇಳಿದ ಮಾತು ಅಲ್ಲಿ ನಂಗೂ ತಟ್ಟಿತು, ಇನ್ನೊಂದು ಫೋಲ್ಡರ್‌ನಲ್ಲಿ ದಿನದ ಸ್ಟ್ರಿಪ್ ಕತ್ತರಿಸಿದ್ದು ಇತ್ತು, ಹಿಂದೆ ತಿರುಗಿಸಿದ್ರೆ ಯಾವ್ದೋ ಕೋರ್ಟ್ ಕೇಸಿನ ಸುದ್ದಿ ಅರ್ಧಕ್ಕೇ ನಿಂತಿದೆ. ಯಾರು ಗೆದ್ರೋ ಏನೋ!

ಅಲ್ಲಿ ಕೆಲ್ಸ ಮಾಡೋರು ಇವತ್ತಿಗೂ ಅದನ್ನ ಅಕಾಡೆಮಿ ಹೆಸ್ರಲ್ಲೇ ಕರೀತಾರೆ, ಕ್ಯಾಟಲಾಗ್‌ನಲ್ಲೂ ಸ್ಯಾನ್ ಫ್ರಾನ್ಸಿಸ್ಕೋ ಅಕಾಡೆಮಿ ಸಂಗ್ರಹ ಅಂತಾನೇ ಇರೋದು.

ಚುಕ್ಕಿಗೆರೆ:

ಬ್ಲ್ಯಾಕ್‌ಬಿಯರ್ಡ್ ಹೆಸ್ರು ಬಂದಾಗೆಲ್ಲಾ ನಂಗೆ ಜೆರ್ರಿ ಬೇಲ್ಸ್ ನೆನಪಾಗ್ತಾರೆ, ಅವ್ರನ್ನೂ ಈ ಥ್ರೆಡ್‌ಗೆ ಸೇರ್ಸಿ. ಡೆಟ್ರಾಯಿಟ್‌ನಲ್ಲಿ ವೇಯ್ನ್ ಸ್ಟೇಟ್ ಯೂನಿವರ್ಸಿಟೀಲಿ ಮೇಷ್ಟ್ರು. 1961ರಲ್ಲಿ ಆಲ್ಟರ್ ಈಗೋ ಅಂತ ಫ್ಯಾನ್‌ಜೀನ್, ಅಂದ್ರೆ ಅಭಿಮಾನಿಗಳೇ ತರೋ ಪತ್ರಿಕೆ, ಶುರು ಮಾಡಿದ್ರು, ಅದೇ ವರ್ಷ ಕಾಮಿಕ್ ಕೊಳ್ಳೋರು ಮಾರೋರ ಜಾಹೀರಾತಿಗೆ ಅಂತಾನೇ ಇನ್ನೊಂದು. ಅವತ್ತಿಗೆ ಕಲೆಕ್ಟರ್ ಅನ್ನೋನು ಅವನವನ ಊರಲ್ಲಿ ಒಬ್ನೇ ಕೂತಿದ್ದ, ಪಕ್ಕದ ಊರಲ್ಲಿ ಇನ್ನೊಬ್ಬ ಹುಚ್ಚ ಇದಾನೆ ಅಂತ ಗೊತ್ತಾಗೋಕೆ ದಾರೀನೇ ಇರ್ಲಿಲ್ಲ, ಆ ದಾರಿ ಮಾಡ್ಕೊಟ್ಟಿದ್ದು ಬೇಲ್ಸ್. ಕಾಮಿಕ್ ಬುಕ್‌ಗಳಲ್ಲಿ ಯಾವ ಕಥೆ ಯಾರು ಬರೆದ್ರು ಯಾರು ಬಿಡಿಸಿದ್ರು ಅಂತ ಹೆಸರೇ ಹಾಕ್ತಿರ್ಲಿಲ್ವಲ್ಲ, ಕಲಾವಿದರಿಗೇ ಪತ್ರ ಬರೆದು ಕೇಳಿ ಕೇಳಿ ಪಟ್ಟಿ ಮಾಡಿದ್ರು. 2006ರಲ್ಲಿ ತೀರ್ಕೊಂಡ್ರು.

ತಮಾಷೆ ಏನಂದ್ರೆ ಬೇಲ್ಸ್ ಮೈಕ್ರೋಫಿಲ್ಮ್ ಪಾರ್ಟಿ. ಹಳೇ ಕಾಮಿಕ್ ಬುಕ್‌ಗಳನ್ನ ಎರವಲು ತಗೊಂಡು ಫಿಲ್ಮ್ ಮಾಡ್ಸಿ ಇಟ್ರು. ಬ್ಲ್ಯಾಕ್‌ಬಿಯರ್ಡ್ ಯಾವ ಮೆಷಿನ್ನನ್ನ ಬೈತಿದ್ರೋ ಅದನ್ನೇ ಇವ್ರು ನಮ್ಮ ಕೆಲ್ಸಕ್ಕೆ ಹಚ್ಚಿದ್ರು. ನನ್ನ ಪ್ರಕಾರ ಇಬ್ರೂ ಸರಿ. ಓದ್ಬೇಕು ಹುಡುಕ್ಬೇಕು ಅಂದ್ರೆ ಫಿಲ್ಮು, ಕಣ್ತುಂಬ ನೋಡ್ಬೇಕು ಅಂದ್ರೆ ಪೇಪರ್ರು.

ಗಿರಿನಗರ_ಫ್ಯಾಂಟಮ್:

ಅಬ್ಬಾ, ನಾನು ಎರಡು ಸಾಲಿನ ಉತ್ತರ ಬರುತ್ತೆ ಅಂದ್ಕೊಂಡಿದ್ದೆ. ಎಲ್ರಿಗೂ ಥ್ಯಾಂಕ್ಸ್. ಓದ್ತಾ ಓದ್ತಾ ನಮ್ಮ ಕಡೆ ಒಂದು ವಿಷಯ ತಲೇಲಿ ಕೊರೀತಿದೆ. ಇಂಗ್ಲಿಷ್ ಅಮರ ಚಿತ್ರಕಥೆ ನಂಬರ್ 11ರ ಕೃಷ್ಣದಿಂದ ಶುರುವಾಗೋದು ಯಾಕಂದ್ರೆ ಮೊದಲ ಹತ್ತು ಪಾಶ್ಚಾತ್ಯ ಮಕ್ಕಳ ಕಥೆಗಳು, 1965ರ ಹೊತ್ತಿಗೆ ಬೆಂಗ್ಳೂರಲ್ಲಿ ಇಂಡಿಯಾ ಬುಕ್ ಹೌಸ್ (ಐಬಿಎಚ್) ಪ್ರಕಾಶನದ ಜಿ. ಕೆ. ಅನಂತರಾಮ್ ಅವ್ರು ಕನ್ನಡದಲ್ಲಿ ತಂದಿದ್ದು. ಇಡೀ ದೇಶದ ಸರಣಿ ಶುರುವಾಗಿದ್ದು ನಮ್ಮ ಭಾಷೇಲಿ! ಆ ಕನ್ನಡದ ಹತ್ತೂ ಸಂಚಿಕೆ ಒಟ್ಟಿಗೆ ಇಟ್ಕೊಂಡಿರೋರು ಇಲ್ಲಿ ಯಾರಾದ್ರೂ ಇದೀರಾ? ಮಾರೋಕಲ್ಲ, ಕವರ್ ಫೋಟೋ ಹಾಕಿದ್ರೂ ಸಾಕು.

ಮೈಸೂರು ಸಾರ್, ಬ್ಲ್ಯಾಕ್‌ಬಿಯರ್ಡ್ ಕೊನೆ ದಿನಗಳ ಬಗ್ಗೆ ಏನಾದ್ರೂ?

ಹಳೇಪೇಪರ್_ಮೈಸೂರು:

2011ರ ಮಾರ್ಚ್ 10ಕ್ಕೆ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ ಹೋದ್ರು, 84 ವರ್ಷ. ಬೇಜಾರು ಏನಂದ್ರೆ ಸುದ್ದಿ ಹೊರಗೆ ಬರೋಕೇ ವಾರಗಟ್ಲೆ ಆಯ್ತು, ಕಾಮಿಕ್ಸ್ ಲೋಕದೋರಿಗೆ ಏಪ್ರಿಲ್‌ನಲ್ಲಿ ಗೊತ್ತಾಗಿದ್ದು. ಮುಂದಿನ ವರ್ಷ ಐಸ್ನರ್ ಹಾಲ್ ಆಫ್ ಫೇಮ್‌ಗೆ, ಅಂದ್ರೆ ಅಮೆರಿಕಾದ ಕಾಮಿಕ್ಸ್ ಪ್ರಶಸ್ತಿಯೋರ ಗೌರವ ಪಟ್ಟಿಗೆ, ಸೇರಿಸಿದ್ರು. ಆ ಪಟ್ಟೀಲಿ ಬಹುತೇಕ ಎಲ್ರೂ ಬರೆದೋರು, ಬಿಡಿಸಿದೋರು, ಇಲ್ಲ ಪ್ರಕಾಶಕರು. ಕೂಡಿಟ್ಟಿದ್ದಕ್ಕೆ ಆ ಜಾಗ ಸಿಕ್ಕೋರು ತೀರಾ ಕಮ್ಮಿ. ಬದುಕಿದ್ದಾಗ್ಲೇ ಕೊಡಬಹುದಿತ್ತು ಅನ್ನೋ ಸಿಟ್ಟು ನಂಗೆ ಇವತ್ತಿಗೂ ಇದೆ.

ಕನ್ನಡದ ಆ ಹತ್ತರಲ್ಲಿ ನನ್ನ ಹತ್ರ ಒಂದೂ ಇಲ್ಲ. ಅವೆನ್ಯೂ ರೋಡಲ್ಲಿ ಕೇಳಿಟ್ಟಿದೀನಿ.

ಕೊಡಿಯಾಲ್‌ಬೈಲ್_ಕಿಣಿ:

ಸಿಂಡ್ರೆಲಾದ್ದು ಒಂದು ನಮ್ಮ ಅತ್ತೆ ಮನೆಯಲ್ಲಿ ಇತ್ತು ಅಂತ ನೆನಪು, ಹುಳ ತಿಂದದ್ದು. ಸಿಕ್ಕಿದ್ರೆ ಫೋಟೋ ಹಾಕ್ತೇನೆ. ಮತ್ತೆ ಕೊಲಂಬಸ್‌ನವ್ರೇ, ನಮ್ಮ ಫ್ಯಾಂಟಮ್ಮಿನ ಭಾನುವಾರದ ಮೊದಲ ಪುಟ ಅಲ್ಲಿ ಉಂಟಾ? 1939ರ ಮೇ 28. ಇದ್ರೆ ಒಮ್ಮೆ ನೋಡಿ ಬಣ್ಣ ಯಾವ್ದು ಅಂತ ಹೇಳಿ ಮಾರಾಯ್ರೇ. ಇಂದ್ರಜಾಲದಲ್ಲಿ ಅವ ನೀಲಿ, ಅಲ್ಲಿ ನೇರಳೆ ಅಂತಾರೆ. ನಮ್ಮಲ್ಲಿ ಈ ಜಗಳ ಶಾಲೆಯಿಂದ ಬಾಕಿ ಉಂಟು.

ಕೊಲಂಬಸ್_ಕನ್ನಡಿಗ:

ಕ್ಯಾಟಲಾಗ್ ನೋಡಿ ಹೇಳ್ತೀನಿ ಕಿಣಿಯವ್ರೇ. ಪುಟ ತರಿಸ್ಬೇಕು ಅಂದ್ರೆ ಮೊದ್ಲೇ ರಿಕ್ವೆಸ್ಟ್ ಹಾಕ್ಬೇಕು, ಈ ವಾರ ಹಾಕ್ತೀನಿ. ಯಾವ ಊರಿನ ಪೇಪರಲ್ಲಿ ಬಂದಿದ್ದು ಅಂತ ಯಾರಿಗಾದ್ರೂ ಗೊತ್ತಿದ್ರೆ ಹೇಳಿ, ಬೇಗ ಸಿಗುತ್ತೆ.